ಚೆಂಡು ಮುಟ್ಟದ ಷಡ್ಡಕ

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ತಂಗಿಯ ಗಂಡ, ಹುಟ್ಟಿದಾಗಿನಿಂದ ಒಮ್ಮೆಯೂ ಫುಟ್‌ಬಾಲ್ ಒದ್ದವನಲ್ಲ. ಆದರೂ ಯುರೋಪಿನ ದೊಡ್ಡ ಕ್ಲಬ್ಬೊಂದಕ್ಕೆ ಬಂದಿರುವ ಹೊಸ ಕೋಚು ತನ್ನ ತಂಡವನ್ನು ಹೇಗೆ ಆಡಿಸಬೇಕು ಎಂಬುದು ಆ ಕೋಚಿಗಿಂತ ಈತನಿಗೇ ಚೆನ್ನಾಗಿ ಗೊತ್ತು! ಹೊನವಾಡದಲ್ಲಿ ಈತನದು ದ್ರಾಕ್ಷಿ ತೋಟ. ಆ ಕ್ಲಬ್ಬಿನವರಿಗೆ ಹೊನವಾಡ ಎಲ್ಲಿದೆ ಅಂತ ಗೊತ್ತಿಲ್ಲದಿರುವುದು ಅವರ ದುರದೃಷ್ಟ.

ಇದು ಹೊಟ್ಟೆಕಿಚ್ಚಿನ ಮಾತು ಅಂತ ನಿಮಗನ್ನಿಸಿದರೆ ಸರಿಯಾಗಿಯೇ ಅನ್ನಿಸಿದೆ. ಯಾಕೆ ಕಿಚ್ಚಾಗಬಾರದು ಹೇಳಿ? ಕಾಲೇಜಿನಲ್ಲಿ ಲೆಫ್ಟ್ ವಿಂಗ್ ಆಡಿದವನು ನಾನು. ಕಪ್ಪು, ಬಸಿ, ಬಿಸ್ಕಿಟುಗಳನ್ನು ಟೇಬಲ್ಲಿನ ಮೇಲೆ ಹರಡಿ ಈತನಿಗೆ ಆಫ್‌ಸೈಡ್ ಅಂದರೇನು ಅಂತ ತಿಳಿಸಿಕೊಟ್ಟವನು ನಾನು. ವಿಜಯಪುರದ ಅಥಣಿ ರಸ್ತೆಯಲ್ಲಿ ಮೆಹಬೂಬ್ ಕಾಕಾನ ಚಹಾದಂಗಡಿಯಿದೆಯಲ್ಲ, ಅಲ್ಲಿ ರವಿವಾರ ಬೆಳಿಗ್ಗೆ ಆ ಕ್ಲಬ್ಬಿನ ಅಭಿಮಾನಿಗಳು ಕೂಡುವ ಪದ್ಧತಿ ಹಾಕಿದವನೂ ನಾನೇ. ನಾನು ಮಾತು ಶುರುಮಾಡಿದರೆ ಕಾಕಾ ಸ್ಟೋವಿನ ಸದ್ದು ಕಡಿಮೆ ಮಾಡುತ್ತಿದ್ದ. ಅಷ್ಟು ಮರ್ಯಾದೆ ಇತ್ತು.

ಹೊಸ ಕೋಚು ಬಂದ, ಮರ್ಯಾದೆ ಹೋಯಿತು. ಈ ಕೋಚಿನ ಕೈಯಲ್ಲಿ ಸದಾ ಲ್ಯಾಪ್‌ಟಾಪು. ಯಾರು ಎಷ್ಟು ಓಡಿದರು, ಎಲ್ಲಿ ಓಡಿದರು, ಯಾವಾಗ ಸುಮ್ಮನೆ ನಿಂತರು, ಎಲ್ಲಕ್ಕೂ ಅಂಕಿಸಂಖ್ಯೆ. ಚೆಂಡು ಸಿಗಲಿ ಬಿಡಲಿ, ಹನ್ನೊಂದೂ ಮಂದಿ ಓಡುತ್ತಿರಬೇಕು ಎಂಬುದು ಅವನ ಹಟ. ನಮ್ಮ ಅಂಗಡಿ ಎರಡು ಹೋಳಾಯಿತು. ಆಟವೆಂದರೆ ಕಣ್ಣಿಗೆ ಕಾಣುವ ಸೊಗಸು, ಓಡುವುದೇ ದೊಡ್ಡದಾದರೆ ಹನ್ನೊಂದು ಕುದುರೆ ಕಟ್ಟಿಕೊಳ್ಳಲಿ ಅಂದೆ. ಎಲ್ಲರೂ ನಕ್ಕರು. ಗೆದ್ದೆ ಅಂದುಕೊಳ್ಳುವಷ್ಟರಲ್ಲಿ ಮೂಲೆಯ ಬೆಂಚಿನಲ್ಲಿ ಕೂತಿದ್ದ ನನ್ನ ಷಡ್ಡಕ, ಬಸಿಯ ಚಹಾ ಊದುತ್ತ, ತಣ್ಣಗೆ ಬಾಯಿಬಿಟ್ಟ.

“ಅಣ್ಣಾರ, ನೀವು ಚೆಂಡ ಇದ್ದಾಂವನ್ನ ನೋಡ್ತೀರಿ. ನಮ್ಮ ಕೋಚ್ ಚೆಂಡ ಇಲ್ಲದಾಂವನ್ನ ನೋಡ್ತಾನ್ರಿ.”

ನಮ್ಮ ಕೋಚ್ ಅಂತೆ! ಇವನ ಸೋದರಮಾವನ ಮಗ ನೋಡಿ! ಆದರೆ ಅಂಗಡಿಯಲ್ಲಿ ಯಾರೂ ನಗಲಿಲ್ಲ. ಎಲ್ಲರೂ ತಲೆದೂಗಿದರು. ಅದು ಹೋಗಲಿ, ಕಾಕಾ ಸ್ಟೋವಿನ ಸದ್ದು ಕಡಿಮೆ ಮಾಡಿದ. ಆ ದಿನದ ಚಹಾ ನನಗೆ ಕಹಿಯಾಯಿತು.

ಮಾತಿಗೇ ನಿಲ್ಲಿಸಿದ್ದರೆ ನಾನೂ ಬಿಡುತ್ತಿದ್ದೆ. ಈತ ತಿಕೋಟಾಕ್ಕೆ ಹೋಗಿ ಹೆಜ್ಜೆ ಎಣಿಸುವ ಕೈಗಡಿಯಾರಗಳನ್ನು ತಂದು, ದ್ರಾಕ್ಷಿ ಕಟಾವಿಗೆ ಬಂದ ಹೆಣ್ಣುಮಕ್ಕಳಿಗೆಲ್ಲ ಕಟ್ಟಿದ. ಸಂಜೆ ಎಲ್ಲರನ್ನೂ ಸಾಲಾಗಿ ಕೂರಿಸಿ, ಶಾಂತವ್ವನಷ್ಟು ದುಡಿದವರು ಈ ಸೀಮೆಯಲ್ಲೇ ಇಲ್ಲ, ಆಕೆ ತೋಟವೆಲ್ಲ ಓಡಾಡಿದ್ದಾಳೆ ಅಂತ ಸಾರಿ ಕೈಮುಗಿದ. ಆ ಶಾಂತವ್ವ ದಿನವಿಡೀ ಬೇವಿನ ಮರದ ಕೆಳಗೆ ಎಲೆಅಡಿಕೆ ಹಾಕಿಕೊಳ್ಳುತ್ತ ಕೂತಿದ್ದಳು. ಕೈಗೆ ಕಿರಿಕಿರಿಯಾಗುತ್ತದೆ ಅಂತ ಗಡಿಯಾರವನ್ನು ಬೆಳಿಗ್ಗೆಯೇ ಆಡಿನ ಮರಿಯ ಕೊರಳಿಗೆ ಕಟ್ಟಿದ್ದಳು!

ನನ್ನ ಆನಂದಕ್ಕೆ ಪಾರವಿಲ್ಲ. ಈ ಕತೆ ಹೇಳಿ ಅವನ ಮಾನ ಕಳೆಯಬೇಕೆಂದು ರವಿವಾರ ಎಲ್ಲರಿಗಿಂತ ಮುಂಚೆ ಅಂಗಡಿಗೆ ಓಡಿದೆ. ಅಷ್ಟೊತ್ತಿಗೆ ಅವನೇ ಅಲ್ಲಿ ಕೂತು, ಆಡಿನ ಮರಿಯಂತೆ ಎಗರಿ ತೋರಿಸುತ್ತ, ಕತೆ ಹೇಳಿ ಮುಗಿಸಿದ್ದ. ಮಂದಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ತನ್ನ ಮಾನವನ್ನು ತಾನೇ ಕಳೆದುಕೊಳ್ಳುವವನನ್ನು ಏನು ಮಾಡುವುದು, ನೀವೇ ಹೇಳಿ.

ಕೊನೆಗೆ ಈತನ ಅನಲಿಟಿಕ್ಸು, ಅಂದರೆ ಓಡಾಟ ಲೆಕ್ಕ ಹಾಕುವ ಈ ಹುಚ್ಚು, ಸಾರವಾಡದಲ್ಲಿರುವ ನಮ್ಮ ಅತ್ತೆಯ ಅಡುಗೆಮನೆಗೂ ನುಗ್ಗಿತು. ಅತ್ತೆ ರೊಟ್ಟಿ ಬಡಿಯುವಾಗ ಬಾಗಿಲಲ್ಲಿ ಕೂತು, ಆಕೆ ಎತ್ತೆತ್ತ ಓಡಾಡುತ್ತಾಳೆ ಅಂತ ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆದ. ಆಮೇಲೆ ಹಿಟ್ಟಿನ ಡಬ್ಬಿ, ನೀರಿನ ಕೊಡ, ಉಪ್ಪು ಎಲ್ಲ ಒಲೆಯ ಹತ್ತಿರಕ್ಕೆ ಸರಿಸಿದ. ಮುಂದಿನ ಹಬ್ಬಕ್ಕೆ ಹೋದಾಗ ಅತ್ತೆಯ ಬಾಯಲ್ಲಿ ಅದೇ ಮಾತು.

“ಎಷ್ಟ ಎಣ್ಣಿ ತಿಕ್ಕಿದ್ರೂ ಹೋಗದ ಮೊಣಕಾಲ ನೋವು ಸಣ್ಣ ಅಳಿಯಂದ್ರು ಡಬ್ಬಿ ಸರಿಸಿ ಕಳದಾರ ನೋಡ್ರಿ.”

ಆ ಎಣ್ಣೆ ತಂದುಕೊಡುತ್ತಿದ್ದವನು ಯಾರು? ಪ್ರತಿ ಸಲ ಬಬಲೇಶ್ವರದಲ್ಲಿ ಬಸ್ಸಿಳಿದು, ಬಿಸಿಲಲ್ಲಿ ಅಂಗಡಿ ಹುಡುಕುತ್ತಿದ್ದವನು ಯಾರು? ಹಿರಿಯ ಅಳಿಯನಿಗೆ ಮೊದಲ ಹೋಳಿಗೆ ಬಡಿಸುವುದು ಆ ಮನೆಯ ರೂಢಿ. ಆ ಹಬ್ಬದಲ್ಲಿ ಹೋಳಿಗೆಯೂ ತುಪ್ಪವೂ ನನ್ನ ಕಣ್ಣೆದುರೇ ನನ್ನ ತಾಟನ್ನು ದಾಟಿ ಮುಂದೆ ಹೋದವು.

ತಡೆಯಲಾಗಲಿಲ್ಲ. ಚಹಾದಂಗಡಿಯಲ್ಲಿ ಎಲ್ಲರೆದುರು ಸವಾಲು ಹಾಕಿದೆ: ಬಾಯಿಮಾತು ಸಾಕು, ಮೈದಾನಕ್ಕೆ ಬಾ. ಚೆಂಡಿನ ಪಕ್ಷಕ್ಕೆ ನಾನು ನಾಯಕ, ಓಟದ ಪಕ್ಷಕ್ಕೆ ಅವನು. ಅವನು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಆಗಲಿ ಅಂದ.

ರವಿವಾರ ಪಂದ್ಯ. ಆತ ಬಂದದ್ದು ಪ್ಯಾಂಟು ಮಡಚಿ, ಚಪ್ಪಲಿ ಮೆಟ್ಟಿಕೊಂಡು! ಶಿಳ್ಳೆ ಊದಿದ್ದೇ ತಡ, ನನ್ನ ಬೆನ್ನು ಹಿಡಿದ. ನಾನು ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಚೆಂಡು ಅವನ ಕಾಲಿನ ಹತ್ತಿರವೇ ಬಂದರೂ ಮುಟ್ಟಲೊಲ್ಲ. ಅವನ ಪಕ್ಷದವರು ಚೆಂಡಿಗೆ ಹೋಗು ಅಂತ ಗಂಟಲು ಹರಿದುಕೊಂಡರೂ ಕೇಳಲಿಲ್ಲ. ನನ್ನನ್ನು ಕೆಣಕುವುದಕ್ಕೇ ಹೀಗೆ ಮಾಡುತ್ತಿದ್ದಾನೆ ಅಂತ ನಾನು ಇನ್ನೂ ಜೋರಾಗಿ ಓಡಿ, ಎದೆ ಬಿರಿಯುವ ಹಾಗೆ ಓಡಿ, ಗೋಲು ಹೊಡೆದೇಬಿಟ್ಟೆ. ನಾವು ಗೆದ್ದೆವು. ಕಾಕಾ ನನ್ನ ಹೆಸರು ಹಿಡಿದು ಕೂಗಿದ. ನನ್ನ ಜಾಗ ನನಗೆ ವಾಪಸು ಸಿಕ್ಕಿತ್ತು.

ಉಳಿದವರೆಲ್ಲ ಚಹಾಕ್ಕೆ ಹೋದ ಮೇಲೆ ನಾವಿಬ್ಬರೂ ಮೈದಾನದ ಗೋಡೆಗೆ ಒರಗಿ ಕೂತೆವು. ನನಗೆ ಉಸಿರು ಹತೋಟಿಗೆ ಬರಲೊಲ್ಲದು. ಚೆಂಡು ಬಿಟ್ಟು ನನ್ನ ಬೆನ್ನು ಹತ್ತುವುದನ್ನು ಯಾವ ಲ್ಯಾಪ್‌ಟಾಪು ಕಲಿಸಿತೋ ಅಂತ ಹಂಗಿಸಿದೆ. ಅವನು ನಗಲಿಲ್ಲ. ನೀರಿನ ಬಾಟಲಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟ.

“ಮೊನ್ನೆ ತ್ವಾಟಕ್ಕ ಬಂದಾಗ, ಬಸ್ಸಿಳದು ಗೇಟಿನ ತನಕ ಬರೂದ್ರಾಗ ಎರಡ ಸಲ ನಿಂತ್ರಿ, ಅಣ್ಣಾರ. ಎದಿ ಮ್ಯಾಲೆ ಕೈ ಇಟಗೊಂಡು ಫೋನ್ ನೋಡಿದಂಗ ಮಾಡಿದ್ರಿ. ಫೋನ್ ಉಲ್ಟಾ ಹಿಡದಿದ್ರಿ.”

ನಾನು ಅದನ್ನು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಹೇಳಿದರೆ ಮುದುಕನಾದೆ ಅಂದುಬಿಡುತ್ತಾರಲ್ಲ ಎಂಬ ಅಂಜಿಕೆ. ಹಾಗಿದ್ದರೆ ಈ ಪಂದ್ಯವನ್ನು ನೀನು ಯಾಕೆ ಒಪ್ಪಿಕೊಂಡೆ ಅಂತ ಮೆಲ್ಲಗೆ ಕೇಳಿದೆ.

“ಒಲ್ಲೆ ಅಂದ್ರ ನೀವು ಬ್ಯಾರೇ ಯಾರ ಕೂಡರೆ ಆಡ್ತಿದ್ರಿ. ಬಿದ್ರ ಹಿಡಿಯಾಕ ಒಬ್ರು ಹಿಂದ ಬೇಕಲ್ರಿ.” ಬಾಟಲಿ ವಾಪಸು ತೆಗೆದುಕೊಂಡು ಅಂದ, “ನಾಳೆ ಮುಂಜಾನೆ ಡಾಕ್ಟರ್ ಕಡೆ ನಂಬರ ಹಚ್ಚೇನಿ. ನಾನೂ ಬರ್ತೀನಿ.”

ಇಷ್ಟು ದಿನ ಇವನನ್ನು ಕಂಡು ಉರಿದೆನಲ್ಲ ಅಂತ ತಲೆ ತಗ್ಗಿಸಿದೆ. ಆಗ ಅವನ ಪಾದ ಕಣ್ಣಿಗೆ ಬಿತ್ತು. ಬರಿಗಾಲು, ಹೆಬ್ಬೆರಳು ಒಡೆದು ರಕ್ತ ಬಂದಿತ್ತು. ಅವನ ಒಂದು ಚಪ್ಪಲಿ ಮೈದಾನದ ನಟ್ಟನಡುವೆ ಬಿದ್ದಿತ್ತು.

ತರಲು ಎದ್ದೆ. “ಓಡಬ್ಯಾಡ್ರಿ,” ಅಂದ.

ನಡೆದೇ ಹೋಗಿ ತಂದುಕೊಟ್ಟೆ.