ಹಿತ್ತಲಿಗೆ ಚೆಲ್ಲಿದ ಚರಗ

ಆಗ ನನಗೆ ಮೂವತ್ತೆರಡು. ಈ ಮಾತಿಗೆ ನಲವತ್ತೈದು ವರ್ಷವಾಯಿತು. ಒಕ್ಕಲುತನದ ಮನೆಯಲ್ಲಿ ಹುಟ್ಟಿದವರು ಕಲ್ಲಿನ ಮೇಲೂ ಬೆಳೆ ತೆಗೆಯುತ್ತಾರೆ ಎಂದು ಜನ ತಿಳಿದಿದ್ದಾರೆ. ಶುದ್ಧ ಸುಳ್ಳು. ನಾವು ದೇವದುರ್ಗದ ಕಡೆಯವರು, ಗೂಗಲ್ ಹತ್ತಿರದ ಹಳ್ಳಿ. ಹೊಳೆ ಮಗ್ಗುಲಲ್ಲೇ ಹರಿದರೂ ನಮ್ಮ ಹೊಲ ದಿಬ್ಬದ ಮೇಲಿತ್ತು. ಆ ನೀರನ್ನು ನಾವು ಕುಡಿದೆವೇ ಹೊರತು ಹೊಲಕ್ಕೆ ಕುಡಿಸಲಿಲ್ಲ. ಜೋಳ ಬಿತ್ತುವುದು, ಆಮೇಲೆ ಆಕಾಶ ನೋಡುವುದು, ಇಷ್ಟೇ ನಮ್ಮ ವಿದ್ಯೆ. ತರಕಾರಿ ಎಂದರೆ ಸಂತೆಯಿಂದ ಬರುವ ಸಾಮಾನು. ನಮ್ಮ ಮನೆಯವರಿಗೆ ರಾಯಚೂರಿನ ಹತ್ತಿ ಮಿಲ್ಲಿನಲ್ಲಿ ಕಾವಲು ಕೆಲಸ ಸಿಕ್ಕಿ ನಾವು ಪಟ್ಟಣಕ್ಕೆ ಬಂದಾಗ, ಬಾಡಿಗೆ ಮನೆಯ ಹಿಂದೆ ನಾಲ್ಕು ಹೊರಸು ಹಾಕುವಷ್ಟು ಹಿತ್ತಲಿತ್ತು. ಅದರಲ್ಲಿ ಬಟ್ಟೆ ಒಣಹಾಕಿಕೊಂಡು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಹಣೆಯಲ್ಲಿ ಬರೆದಿಲ್ಲ.

ಇದಕ್ಕೆಲ್ಲ ಕಾರಣ ನನ್ನ ನಾದಿನಿ ದ್ಯಾವಮ್ಮ. ಅವಳನ್ನು ಮಾನ್ವಿ ಕಡೆ ಕೊಟ್ಟಿತ್ತು. ಅವರ ಹೊಲಕ್ಕೆ ಕಾಲುವೆ ನೀರು. ಕೋಲು ನೆಟ್ಟರೂ ಕಾಯಿ ಬಿಡುವ ಭೂಮಿ. ಪ್ರತಿ ಎಳ್ಳಮಾವಾಸ್ಯೆಗೆ ನಾವು ಅಲ್ಲಿಗೆ ಹೋಗುತ್ತಿದ್ದೆವು. ವರ್ಷವಿಡೀ ಹತ್ತಿ ಧೂಳು ಕುಡಿದವರಿಗೆ ಆ ಕಾಲುವೆ ದಂಡೆಯ ಊಟವೇ ಒಂದು ಜಾತ್ರೆ. ಹೊರಡುವಾಗ ಮಾತ್ರ ದ್ಯಾವಮ್ಮ ಚೀಲದ ತುಂಬ ಬದನೆಕಾಯಿ ತುಂಬಿ, ನೆರೆದ ಮಂದಿಯ ಮುಂದೆ ಅನ್ನುವಳು, "ಒಯ್ಯಿ ವೈನಿ, ಪಾಪ, ಪಟ್ಟಣದಾಗ ಕೊತ್ತಂಬ್ರಿ ಕಡ್ಡೀನೂ ಕೊಂಡ ತಿಂತೀರಂತ!" ಒಂದು ವರ್ಷ ನನಗೆ ತಡೆಯಲಾಗಲಿಲ್ಲ. "ಮುಂದಿನ ಎಳ್ಳ ಅಮಾಸಿಗೆ ನೀನ ನಮ್ಮ ಹಿತ್ತಲಕ್ಕ ಬಾರವ್ವ. ನಾನ ಬೆಳದ ಬದ್ನಿಕಾಯಿ ನಿನಗ ಉಣ್ಣಸ್ಲಿಲ್ಲಂದ್ರ ಮತ್ತ ನಿಮ್ಮ ಹೊಲದ ದಾರಿ ತುಳಿಯಂಗಿಲ್ಲ!" ಎಂದುಬಿಟ್ಟೆ. ಮಂದಿಯೆಲ್ಲ ಕೇಳಿಸಿಕೊಂಡರು. ಬಸ್ಸಿನಲ್ಲಿ ಕುಳಿತ ಮೇಲೆ, ಬದನೆಗೆ ಬೀಜ ಎಲ್ಲಿರುತ್ತದೆ ಎಂದು ಯೋಚಿಸಿದೆ.

ನಮ್ಮ ಮನೆಯವರು ಹಿತ್ತಲನ್ನು ಅಗೆದು, ಜೋಳ ಬಿತ್ತಿದ ಹಾಗೆಯೇ ಸಾಲು ಹಿಡಿದು ಬದನೆ, ಮೆಂತ್ಯೆ ಬೀಜ ಹಾಕಿ, ಸೊಂಟದ ಮೇಲೆ ಕೈಯಿಟ್ಟು ಆಕಾಶ ನೋಡಿದರು. ಆಕಾಶವೂ ಇವರನ್ನು ನೋಡಿತು. ಪಕ್ಕದ ಮನೆಯ ರಹೀಮಾಬಿ ಗೋಡೆಯ ಮೇಲಿಂದ ಇಣುಕಿದಳು. ಅವಳು ಮಾರುಕಟ್ಟೆಯಲ್ಲಿ ಕಾಯಿಪಲ್ಯ ಮಾರುವವಳು. "ಅರೆ ಈರಮ್ಮಕ್ಕಾ, ಏನ್ ನೋಡ್ತೀರಿ ಮ್ಯಾಲ? ಜಳಕದ ನೀರರ ಹಾಕ್ರಿ. ಪಾನೀ ಇಲ್ಲದ ಮೆಂತ್ಯೆ ಹುಟ್ಟತೈತೇನು?" ಎಂದಳು. ನನಗೆ ಸಿಟ್ಟು ಬಂತು. "ಮಳಿಗಾಲ ಮುಗೀಲಿ, ನಿನ್ನ ಅಂಗಡಿಗೆ ಬರೋದ ಬಂದ್" ಎಂದೆ. ಅವಳು ನಕ್ಕು, ಮಾರಿ ಉಳಿದ ಬಾಡಿದ ಸೊಪ್ಪನ್ನು ತನ್ನ ಎರಡು ಮೇಕೆಗಳಿಗೆ ಹಾಕಿದಳು. ಆ ಮೇಕೆಗಳು ಹುಲ್ಲು ಕಂಡವಲ್ಲ. ಹುಟ್ಟಿದಾಗಿನಿಂದ ಮೆಂತ್ಯೆ, ರಾಜಗಿರಿ, ಬದನೆಕಾಯಿ ತಿಂದೇ ಬೆಳೆದವು. ಇದನ್ನು ನಾನು ದಿನಾ ನೋಡುತ್ತಿದ್ದೆ. ನೋಡುವುದು ಬೇರೆ, ತಿಳಿಯುವುದು ಬೇರೆ.

ಅವಳಿಗೆ ಕಾಣದಂತೆ ಜಳಕದ ನೀರನ್ನೇ ಹಿತ್ತಲಿಗೆ ತಿರುಗಿಸಿದೆ. ನಂಬಿದರೆ ನಂಬಿರಿ, ಎಳ್ಳಮಾವಾಸ್ಯೆಯ ಹೊತ್ತಿಗೆ ಒಂದು ಮಡಿ ಮೆಂತ್ಯೆ ಎದ್ದು ನಿಂತಿತ್ತು. ಬದನೆ ಗಿಡಗಳಲ್ಲಿ ಕಾಯಿ ಜೋತಾಡುತ್ತಿದ್ದವು. ಒಂದನ್ನೂ ನಾನು ಕೀಳಲಿಲ್ಲ. ದ್ಯಾವಮ್ಮನ ಕಣ್ಣೆದುರೇ ಕೀಳಬೇಕು, ಅವಳ ಎದುರೇ ಹೆಚ್ಚಬೇಕು. ಮನೆಯವರು ಒಂದು ಕಾಯಿ ಸುಟ್ಟು ಚಟ್ನಿ ಮಾಡು ಎಂದದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದೆ.

ಹಬ್ಬದ ಬೆಳಿಗ್ಗೆ ಅವರು ಚರಗ ಚೆಲ್ಲಬೇಕೆಂದರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಆ ದಿನ ಭೂಮಿತಾಯಿ ಬಸುರಿ. ಅವಳ ಬಯಕೆಗೆಂದು ರೊಟ್ಟಿ, ಪಲ್ಯ, ಕಡುಬು ಎಲ್ಲ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. "ಇದು ಹೊಲ ಅಲ್ಲರೀ, ಹಿತ್ತಲ" ಎಂದೆ. "ಭೂಮಿ ಭೂಮೀನ. ಸಣ್ಣಾಕಿ ಬಸುರಿ ಆಗಂಗಿಲ್ಲೇನು?" ಎಂದರು. ಬುಟ್ಟಿ ಹೊತ್ತು ಮಡಿಯ ಮೇಲೆ ಚೆಲ್ಲಿದರು, ಗೋಡೆಯ ಬುಡಕ್ಕೆ ಚೆಲ್ಲಿದರು, ನಾಲ್ಕೂ ಗಡಿ ಮುಟ್ಟಬೇಕೆಂದು ಹಿತ್ತಲ ಬಾಗಿಲು ದಾಟಿ ಓಣಿಯ ತನಕ ಚೆಲ್ಲಿಕೊಂಡು ಹೋದರು. ಬಾಗಿಲು ಹಾಕಿಕೊಳ್ಳಲು ನಾನು ತಿರುಗಿದರೆ, "ಏ, ಚರಗ ಚೆಲ್ಲಿದ ಮ್ಯಾಲೆ ಹಿಂದಕ್ಕ ತಿರುಗಿ ನೋಡಬಾರದು! ಹೊಲಕ್ಕ ಯಾವಾಕಿ ಬಾಗಲಾ ಹಾಕ್ಯಾಳ?" ಎಂದು ಗದರಿದರು. ಹೌದಲ್ಲ, ಹೊಲಕ್ಕೆ ಬಾಗಿಲೆಲ್ಲಿದೆ? ದ್ಯಾವಮ್ಮನನ್ನು ಕರೆತರಲು ಇಬ್ಬರೂ ಹಿಂದೆ ನೋಡದೆ ನೆಟ್ಟಗೆ ಬಸ್ ನಿಲ್ದಾಣಕ್ಕೆ ನಡೆದೆವು.

ಮಾನ್ವಿ ಬಸ್ಸು ತಡವಾಗಿ ಬಂತು. ದ್ಯಾವಮ್ಮ ಇಳಿದಳು, ಕೈಯಲ್ಲಿ ಚೀಲವಿಲ್ಲ. "ನಿಮ್ಮಲ್ಲೇ ಬೆಳದೈತಂತಲ್ಲ, ಅದಕ್ಕ ಬರಿಗೈಲೆ ಬಂದೆ" ಎಂದಳು. ದಾರಿಯುದ್ದಕ್ಕೂ ನಾನು ಮೆಂತ್ಯೆಯ ಹಸಿರು ವರ್ಣಿಸಿದೆ. ಹಿತ್ತಲಿಗೆ ಬಂದು ನೋಡಿದರೆ ಹಸಿರಿಲ್ಲ, ಮಣ್ಣಿದೆ. ಓಣಿಯಿಂದ ರೊಟ್ಟಿ ಚೂರು ಆರಿಸುತ್ತ ಬಂದ ಮೇಕೆಗಳು, ರೊಟ್ಟಿಯ ಮೇಲೆ ಮೆಂತ್ಯೆ, ಮೆಂತ್ಯೆಯ ಮೇಲೆ ಬದನೆ, ಹೀಗೆ ಪೂರಾ ಹಬ್ಬದೂಟ ಮುಗಿಸಿ ಮಡಿಯಲ್ಲೇ ಮಲಗಿ ಮೆಲುಕು ಹಾಕುತ್ತಿದ್ದವು. ದ್ಯಾವಮ್ಮ ಸೆರಗು ಬಾಯಿಗೊತ್ತಿಕೊಂಡಳು. "ವೈನೀ, ನಿಮ್ಮ ಬಸುರಿ ಬಯಕಿ ತೀರಿಸ್ಕೊಂಡು ಮಕ್ಕೊಂಡಾಳ ನೋಡು!" ರಹೀಮಾಬಿ ಓಡಿ ಬಂದು ಮೇಕೆಗಳಿಗೆ ಬಡಿದಳು. "ಯಾ ಅಲ್ಲಾ! ನಾನರ ಏನ್ ಮಾಡ್ಲಕ್ಕಾ, ಹಾದಿ ತುಂಬ ದಾವತ್ ಊಟ ಹಾಸಿ ಕರದವ್ರು ನೀವು!"

ನಾನು ಅಳಲಿಲ್ಲ. ಆಡಿದ ಮಾತಿನಂತೆ ಇನ್ನು ತುಳಿಯಲಾಗದ ಮಾನ್ವಿಯ ಕಾಲುವೆ ದಂಡೆ ಕಣ್ಣ ಮುಂದೆ ಬಂತು. ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಹುಡುಕಿದೆ. ಅರ್ಧ ಕಚ್ಚಿ ಬಿಟ್ಟ ಎರಡು ಬದನೆಕಾಯಿ ಸಿಕ್ಕವು. ಹಲ್ಲು ತಾಗಿದ ಕಡೆ ಕೊಯ್ದು ಎಸೆದೆ, ಉಳಿದದ್ದಕ್ಕೆ ಎಣ್ಣೆ, ಗುರೆಳ್ಳು ಪುಡಿ ಧಾರಾಳ ಹಾಕಿ ಪಲ್ಯ ಮಾಡಿ ತಾಟಿಗೆ ಬಡಿಸಿದೆ.

"ಮ್ಯಾಕಿ ಎಂಜಲಾ ಹಾಕ್ತೀಯೇನ ನನಗ?" ಎಂದಳು ದ್ಯಾವಮ್ಮ.

"ಮ್ಯಾಕಿ ಪಾಲು ಮ್ಯಾಕಿ ತಿಂತು, ನಿನ್ನ ಪಾಲು ನೀ ತಿನ್ನು. ನನ್ನ ಹಿತ್ತಲದ್ದು ಹೌದೋ ಅಲ್ಲೋ ಅಷ್ಟ ಹೇಳು."

ಅವಳು ನನ್ನ ಮುಖ ನೋಡಿದಳು, ತಾಟು ನೋಡಿದಳು, ಒಂದು ತುತ್ತು ಬಾಯಿಗಿಟ್ಟಳು. ಎರಡನೆಯದನ್ನೂ ಇಟ್ಟಳು. "ಹೌದು, ನಿನ್ನ ಹಿತ್ತಲದ್ದ. ಉಪ್ಪು ಕಡಿಮಿ" ಎಂದಳು. ಮುಂದಿನ ವರ್ಷದ ಕಾಲುವೆ ದಂಡೆಯ ಊಟ ಉಳಿಯಿತು.

ಮರುದಿನ ಬೆಳಿಗ್ಗೆ ಚೀಲ ಹಿಡಿದು ಮಾರುಕಟ್ಟೆಗೆ ಹೋಗಿ, ರಹೀಮಾಬಿಯ ಅಂಗಡಿಯ ಮುಂದೆ ಬೋಣಿಗೆ ಮೊದಲೇ ನಿಂತೆ. ಅವಳ ಬದನೆಕಾಯಿಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದೆ. ಎಲ್ಲಿಯೂ ಹಲ್ಲಿನ ಗುರುತಿರಲಿಲ್ಲ. ಆದರೂ "ನಮ್ಮ ಹಿತ್ತಲದ ರುಚಿ ಇವಕ್ಕಿಲ್ಲ ಬಿಡು" ಎಂದು ಚೌಕಾಸಿ ಮಾಡಿದೆ.