ಬಿಚ್ಚಾಕ ಬರದ ಪಲಂಗ

ಕೆಲವರ ಬೆನ್ನಿಗೆ ಶನಿ ಬೀಳತಾನ, ಏಳೂವರಿ ವರ್ಷ ಕಾಡಿ ಬಿಟ್ಟ ಹೋಗತಾನ. ನನ್ನ ಬೆನ್ನಿಗೆ ಒಂದು ಪಲಂಗ ಬಿದ್ದೈತಿ, ಅದು ಬಿಡೂ ಲಕ್ಷಣಾನ ಇಲ್ಲ. ಮಂದಿಗೆ ಇಂಥಾ ಫಜೀತಿ ಜೀವಮಾನದಾಗ ಒಂದ್ಸಲ ಆಗತಾವ. ನನಗ ಹನ್ನೊಂದು ತಿಂಗಳಿಗೊಮ್ಮೆ ಆಗತಿದ್ದುವು, ಯಾಕಂದ್ರ ಇಚಲಕರಂಜ್ಯಾಗ ಬಾಡಿಗಿ ಮನಿ ಕರಾರು ಹನ್ನೊಂದ ತಿಂಗಳದ್ದು. ಅದು ತುಂಬಿತಂದ್ರ ಮಾಲಕರ ಮಗನ ಲಗ್ನ ಬರತೈತಿ, ಇಲ್ಲಾ ತಂಗಿ ತವರಿಗೆ ಬರತಾಳ, ಇಲ್ಲಾ ಮನಿಗೆ ಸುಣ್ಣಾ ಹಚ್ಚೂದಿರತೈತಿ. ಒಟ್ಟ ನಾವು ಪಲಂಗ ಎತ್ತೂದು.

ನಾ ಪಾವರಲೂಮಿನಾಗ ಜಾಬರ. ಅಂದ್ರ ಮಗ್ಗ ಕೆಟ್ರ ಬಿಚ್ಚಿ, ರಿಪೇರಿ ಮಾಡಿ, ಮತ್ತ ಜೋಡಸಾಂವ. ಎಂಥಾ ಮಗ್ಗ ಕೊಡ್ರಿ, ಹೊತ್ತ ಮುಳುಗೂದ್ರಾಗ ಬಿಚ್ಚಿ ಚೀಲದಾಗ ತುಂಬಿ ಕೊಡತೇನಿ. ಇಂಥವನ ಹಣ್ಯಾಗ ದೇವರು ಬಿಚ್ಚಾಕ ಬರದ ಪಲಂಗ ಬರದಾನ ನೋಡ್ರಿ.

ಇದನ್ನ ಕೊಟ್ಟವರು ನಮ್ಮ ಮಾವನವರು, ಗಡಹಿಂಗ್ಲಜದ ಬಡಿಗ್ಯಾರು. ಮಗಳ ಮದುವಿಗಂತ ಸಾಗವಾನಿ ಕಟ್ಟಿಗಿ ತಂದು ತಾವ ಕೂತು ಮಾಡ್ಯಾರ. ಒಂದ ಮೊಳಿ ಇಲ್ಲ, ಒಂದ ನಟ್ ಬೋಲ್ಟ್ ಇಲ್ಲ. ಕಟ್ಟಿಗ್ಯಾಗ ಕಟ್ಟಿಗಿ ಕೂಡ್ರಿಸಿ, ಬೆಣಿ ಬಡದು, ಅಂಟ ಹಾಕಿ ಜಡದ ಬಿಟ್ಟಾರ. ತಲಿಕಡೆ ಹಲಿಗಿ ಮ್ಯಾಲ ಒಂದು ಗಣಪ್ಪನ್ನ ಕೆತ್ಯಾರ. "ಮಾವಾರ, ಇದನ್ನ ಬಿಚ್ಚೂದು ಹೆಂಗ್ರಿ?" ಅಂತ ಮದುವಿ ದಿನಾನ ಕೇಳಿದ್ನಿ.

"ಅಳಿಯಂದಿರ, ಬಿಚ್ಚೂ ಪಲಂಗಾ ಅಂದ್ರ ಬಿಚ್ಚೂ ಸಂಸಾರಾ. ಇದು ಬಿಚ್ಚಂಗಿಲ್ಲ," ಅಂದ್ರು. ಮಂದೆಲ್ಲಾ ಚಪ್ಪಾಳಿ ಹೊಡದ್ರು. ಚಪ್ಪಾಳಿ ಹೊಡಿಯವ್ರಿಗೇನ್ರಿ, ಹೊರಾಂವ ನಾನು.

ನನ್ನ ಆಸೆ ಏನ್ ದೊಡ್ಡದಿದ್ದಿಲ್ಲ. ಒಂದು ಸ್ವಂತ ಮನಿ ಆಗಬೇಕು. ಅದರಾಗ ಈ ಪಲಂಗ ಒಮ್ಮೆ ಇಟ್ರ ನಾ ಸಾಯೂತನಾ ಎತ್ತಬಾರದು. ಅದರ ಮ್ಯಾಲ ಎರಡೂ ಕಾಲ ಚಾಚಿ, ಕರಾರಿನ ಚಿಂತಿ ಇಲ್ಲದ, ಗೊರಕಿ ಹೊಡೀಬೇಕು. ಇಷ್ಟ ಆಸೆ. ಅದರ ಸಲುವಾಗಿ ಏನೇನ ಆತು ಕೇಳ್ರಿ.

ಮಾಲಿನ ಜೋಡಿ ಮದುಮಗ

ಮದುವಿ ಮುಗದ ಮ್ಯಾಲ ಪಲಂಗ ಇಚಲಕರಂಜಿಗೆ ತರಬೇಕಾತು. ಒಂದು ಟೆಂಪೋ ಮಾಡಿದ್ವಿ. ಡ್ರೈವರನ ಬಾಜೂಕ ಹೆಂಡ್ತಿ, ಅಕಿ ಬಾಜೂಕ ಅಕಿ ಚಿಗವ್ವ ಕುಂತ್ರು. ನನಗ ಜಾಗಾನ ಇಲ್ಲ. ಮಾವಾರು ಅಂದ್ರು, "ಅಳಿಯಂದಿರ, ನೀವು ಹಿಂದ ಪಲಂಗದ ಮ್ಯಾಲ ಕೂಡ್ರಿ. ನಡೂದಾರ್ಯಾಗ ಹಗ್ಗ ಸಡ್ಲ ಆದ್ರ ಬಿಗೀಬೇಕಲ್ಲ."

ಹಂಗ ಬಾಸಿಂಗದ ಸುದ್ದಾ, ಹೆಗಲ ಮ್ಯಾಲ ಶಾಲಾ, ಕೈಯಾಗ ಹಗ್ಗಾ ಹಿಡಕೊಂಡು ಪಲಂಗದ ಮ್ಯಾಲ ಚಕ್ಕಂಬಕ್ಕಳ ಹಾಕಿ ಕುಂತ್ನಿ. ಹೈವೇಕ ಹತ್ತೂದ ತಡ, ಬಸ್ಸಿನಾಗಿನ ಮಂದೆಲ್ಲಾ ಖಿಡಕ್ಯಾಗ ಹಣಿಕಿ ಹಾಕಿ ಕೈ ಬೀಸೂದೇನು, ನಗೂದೇನು. ಒಬ್ಬ ಅಜ್ಜ ಕೈ ಮುಗದ. ದೇವರ ಮೆರವಣಿಗಿ ಅಂತ ತಿಳದಿರಬೇಕು ಪಾಪ.

ನಾಕಾದಾಗ ಒಬ್ಬ ಪೊಲೀಸ ಅಡ್ಡಗಟ್ಟಿದ. ಮಾಲಿನ ಗಾಡ್ಯಾಗ ಮನಷಾನ್ನ ಕೂಡ್ರಿಸಿ ಒಯ್ಯಾಕ ಕಾಯದೆ ಇಲ್ಲ ಅಂತ ಮರಾಠ್ಯಾಗ ಬೈಯಾಕ ಹತ್ತಿದ. ನಾ ಬಾಯಿ ತೆರೆಯೂದ್ರಾಗ ನಮ್ಮ ಡ್ರೈವರ ಕೆಳಗಿಳದು ಕೈ ಮುಗದು ಅಂದ:

"ಸಾಹೇಬ, ಆಜ್ ಲಗ್ನ ಝಾಲಂಯ್. ಆತಾ ಹಾ ಪಣ ಮಾಲಚ್ ಆಹೇ."

ಇವತ್ತ ಲಗ್ನ ಆಗೇತಿ, ಇನ್ನ ಇವನೂ ಮಾಲs ಅಂತ! ಪೊಲೀಸ ನನ್ನ ಮಾರಿ ನೋಡಿದ. ಆಮ್ಯಾಲ ಮುಂದ ಕುಂತ ನನ್ನ ಹೆಂಡ್ತಿ ಮಾರಿ ನೋಡಿದ. "ಖರೇ ಐತಿ ಬಿಡು," ಅನ್ನೂವಂಗ ಗೋಣ ಹಾಕಿ ಗಾಡಿ ಬಿಟ್ಟ.

ಗಾಳ್ಯಾಗ ನಿಂತದ್ದು

ಮೊದಲನೇ ಬಾಡಿಗಿ ಖೋಲಿ ಮ್ಯಾಲಿನ ಮಜಲಿನಾಗ ಇತ್ತು. ಮೆಟ್ಟಲಾ ಎಷ್ಟ ಸಣ್ಣೂವಂದ್ರ ತುಂಬಿದ ಕೊಡಾ ಹೊತ್ತ ಹೆಣಮಗಳು ಅಡ್ಡಡ್ಡ ನಡೀಬೇಕು. ಪಲಂಗ ಹೋಗೂ ಮಾತೆಲ್ಲಿ? ನಮ್ಮ ಶೆಡ್ಡಿನ ಮಗ್ಗ ಎತ್ತೂ ಹಮಾಲರನ್ನ ಕರಸಿದ್ನಿ. ಅವರು ಮಾಳಗಿ ಮ್ಯಾಲಿಂದ ಹಗ್ಗಾ ಬಿಟ್ಟು, ಪಲಂಗಕ್ಕ ಕಟ್ಟಿ, "ಹೈಸಾ!" ಅಂತ ಜಗ್ಗಾಕ ಹತ್ತಿದ್ರು. ಅರ್ಧಾ ಏರಿತು. ಅಲ್ಲೇ ಬಾಜೂ ಮನಿ ಗ್ಯಾಲರಿಗೆ ಸಿಗಬಿದ್ದು ನಿಂತಬಿಟ್ತು. ಮ್ಯಾಲ ಹೋಗಂಗಿಲ್ಲ, ಕೆಳಗ ಇಳಿಯಂಗಿಲ್ಲ.

ಹಮಾಲರ ಮುಕಾದಮ ತಲಿ ಕೆರಕೊಂಡ. "ಇದಕ್ಕ ವಿಚಾರ ಮಾಡಬೇಕಾಗತೈತ್ರಿ," ಅಂದ.

"ಮಾಡ್ರೆಪಾ ಲಗೂನ."

"ಚಹಾ ಕುಡದ ಮಾಡೂಣ್ರಿ." ಹಗ್ಗಾ ಮಾಳಗಿ ಕಂಬಕ್ಕ ಸುತ್ತಿ ಗಂಟ ಹಾಕಿ ಎಲ್ಲಾರೂ ಹೋಟೆಲಿಗೆ ನಡದಬಿಟ್ರು.

ಗಲ್ಲಿ ನಡಕ ಪಲಂಗ ಗಾಳ್ಯಾಗ ಹಗೂರಕ ತೂಗಾಕತ್ತೈತಿ. ಹೆಂಡ್ತಿ ಕೆಳಗ ನಿಂತು, "ಅಯ್ಯs ನನ ಶಿವನ! ನಮ್ಮಪ್ಪನ ಪಲಂಗ ಫಾಶಿಗೆ ಹಾಕ್ಯಾರಲ್ಲ!" ಅಂತ ಬಾಯಿ ಬಾಯಿ ಬಡಕೊಳ್ಳಾಕತ್ತಾಳ. ನಾ ಎರಡೂ ಕೈ ಮ್ಯಾಲ ಮಾಡಿ ಅದರ ಕೆಳಗ ನಿಂತೇನಿ. ಬಿದ್ರ ಹಿಡಿಯಾಂವನಂಗ! ಬಿದ್ದಿದ್ರ ನನಗ ಬ್ಯಾರೆ ಗಾದಿ ಬೇಕಾಗತಿದ್ದಿಲ್ಲ.

ಅಷ್ಟ್ರಾಗ ಸೈಕಲ್ ಮ್ಯಾಲ ಒಬ್ಬಾಂವ ಬಂದ. ಇಳದ. ಪಲಂಗ ನೋಡಿದ, ನನ್ನ ನೋಡಿದ, ಹೆಂಡ್ತೀನ ನೋಡಿದ. ಭಾಳ ಕನಿಕರದಿಂದ ಕೇಳಿದ:

"ಖೋಲಿ ಸಿಗೂತನಾ ಇಲ್ಲೇ ಇರತೀರೇನ್ರಿ?"

ಮಾಲಕರ ಅಹಿಂಸಾ

ಎರಡನೇ ಮನಿ ಮಾಲಕರು ಬೆಲ್ಲದ ವ್ಯಾಪಾರಸ್ಥರು, ಜೈನರು, ಭಾಳ ಸಾತ್ವಿಕ ಮನಷಾ. ನಾಂದಣಿ ಮಠಕ್ಕ ತಪ್ಪದ ಹೋಗವ್ರು. ಕರಾರಿಗಿಂತ ಹೆಚ್ಚಿಗಿ ದಿನಾ ಇಟ್ಟಕೊಳ್ಳೂ ಮನಸ್ಸ ಇತ್ತು ಅವರಿಗೆ. ಇದs ನಮ್ಮ ಖಾಯಂ ಠಿಕಾಣಿ ಅಂತ ನಾನೂ ಒಳಗೊಳಗ ಖುಷಿಯಾಗಿದ್ನಿ. ಆದ್ರ ಪಲಂಗದ ಸಂದ್ಯಾಗ ತಿಗಣಿ ಆದುವು.

ನಾ ಔಷಧದ ಪಂಪ್ ತಂದ್ನಿ. ಮಾಲಕರು ಅಂಗಳದಾಗ ಕಂಡು ಗಾಬರಿಯಾದ್ರು. "ಬ್ಯಾಡ್ರೆಪಾ, ಬ್ಯಾಡ್ರಿ! ಅವಕ್ಕೂ ಜೀವ ಐತಿ. ನಮ್ಮ ಮನ್ಯಾಗ ಹಿಂಸಾ ಆಗಬಾರದು. ಪಲಂಗ ಬಿಸಿಲಿಗೆ ತಂದ ಇಡ್ರಿ. ಅವು ತಮ್ಮ ದಾರಿ ತಾವ ಹಿಡದ ಹೋಗತಾವ."

ದೊಡ್ಡವರ ಮಾತು. ನಾಕ ಮಂದಿ ಹಿಡದು, ಬಾಗಲಾ ಚೌಕಟ್ಟ ಸುದ್ದಾ ಕಿತ್ತು, ಪಲಂಗ ಅಂಗಳಕ್ಕ ತಂದ ಇಟ್ವಿ. ಅಲ್ಲೇ ಬಾಜೂಕ ಬೇವಿನ ಗಿಡದ ನೆರಳಿಗೆ ಮಾಲಕರು ಮಧ್ಯಾಹ್ನ ಅಡ್ಡಾಗೂ ಹೊರಸ ಇತ್ತು. ಅವರು ಹೇಳಿದಂಗ ಬಿಸಿಲ ಏರಿದಂಗ ತಿಗಣಿ ತಮ್ಮ ದಾರಿ ಹಿಡದುವು. ನೆರಳ ಎಲ್ಲೈತಿ ಅತ್ತ ಹೋದುವು.

ನಾಲ್ಕೈದ ದಿನಾ ಮಾಲಕರು ಕೂತಲ್ಲೆ ನಿಂತಲ್ಲೆ ಬೆನ್ನಾ ಕೆರಕೊಳ್ಳಾಕ ಹತ್ತಿದ್ರು. ಆಮ್ಯಾಲ ಒಂದಿನಾ ಮುಂಜಾನೆ ಬಂದು, ಭಾಳ ಸೌಮ್ಯ ದನ್ಯಾಗ, "ನಿಮ್ಮ ಹನ್ನೊಂದು ತಿಂಗಳ ತುಂಬಿತಲ್ಲರಿ?" ಅಂದ್ರು.

ತಿಗಣಿ ಅಲ್ಲೇ ಉಳದುವು. ನಾವು ಹೊರಬಿದ್ವಿ.

ಕಾಳಜಿ ಕರೂ ನಕಾ

ನಡಕ ಲೂಮಿನ ಧಂದೆ ಮಂದ ಆತು. ಕೊಲ್ಹಾಪುರದಾಗ ಒಂದು ಫೌಂಡ್ರ್ಯಾಗ ಕೆಲಸಾ ಸಿಕ್ತು. ಬಾಡಿಗಿ ಮನಿ ಕೆಳಗ, ಬಾಗಲಾ ಅಗಲ, ದೇವರು ಕಣ್ಣ ತೆರದಾ ಅಂದ್ನಿ. ಹೆಂಡ್ತಿ ಹೇಳಿದ್ಲು, "ಈ ಸಲ ನಿಮ್ಮ ಹಮಾಲರು ಬ್ಯಾಡ. ಫೋನಿನಾಗ ಬರತಾರಲ್ಲ, ಮನಿ ಸಾಮಾನಾ ಜ್ವಾಕಿಯಿಂದ ಒಯ್ಯಾವ್ರು, ಅವರನ್ನ ಕರಸ್ರಿ."

ಕರಸಿದ್ನಿ. ಎಲ್ಲಾರೂ ಒಂದ ಬಣ್ಣದ ಟೀ ಶರ್ಟ್ ಹಾಕ್ಕೊಂಡು ಬಂದ್ರು. ಅವರ ಸುಪರವೈಜರ ಮಾತಿಗೊಮ್ಮೆ "ಕಾಳಜೀಚ್ ಕರೂ ನಕಾ" ಅನ್ನಾಂವ. ಚಿಂತೀನ ಮಾಡಬ್ಯಾಡ್ರಿ ಅಂತ. ಪಲಂಗಕ್ಕ ಮೊದಲ ರಟ್ಟು, ಅದರ ಮ್ಯಾಲ ಗುಳ್ಳಿಗುಳ್ಳಿ ಪ್ಲಾಸ್ಟಿಕ್, ಅದರ ಮ್ಯಾಲ ಹಳದಿ ಟೇಪ್, ಸುತ್ತಿದ್ರು ಸುತ್ತಿದ್ರು, ಹೆರಿಗಿ ಆದ ಬಾಣಂತೀನೂ ಯಾರೂ ಹಂಗ ಸುತ್ತಂಗಿಲ್ಲ.

ಕೊಲ್ಹಾಪುರ ಮುಟ್ಟಿದ್ವಿ. ಹೊಸಾ ಮನಿಗೆ ಕೀಲಿ ಹಾಕಿತ್ತು. ಹೆಂಡ್ತೀಗೆ, "ಚಾವಿ ಕೊಡು," ಅಂದ್ನಿ.

"ಪರ್ಸಿನಾಗ ಐತ್ರಿ."

"ಪರ್ಸ್ ಎಲ್ಲೈತಿ?"

ಅಕಿ ಪಲಂಗದ ಕಡೆ ನೋಡಿದ್ಲು. ಅಲ್ಲೇ ಪಲಂಗದ ಮ್ಯಾಲ ಇಟ್ಟಿದ್ಲಂತ. ಅವರು ಅದರ ಸುದ್ದಾ ಸುತ್ಯಾರ.

ಸುಪರವೈಜರಗ ಬಿಚ್ಚು ಅಂದ್ನಿ. ಅಂವ ನಾಲಿಗಿ ಕಡಕೊಂಡ. "ರಸ್ತಾದಾಗ ಬಿಚ್ಚಾಕ ಬರಂಗಿಲ್ರಿ. ಕಂಪನಿ ರೂಲ್ ಐತಿ. ಮನಿಯೊಳಗ ಇಟ್ಟ ಮ್ಯಾಲನ ಬಿಚ್ಚೂದು."

"ಮನಿಯೊಳಗ ಹೋಗಾಕ ಚಾವಿ ಬೇಕಲ್ಲಪಾ!"

"ಚಾವಿ ಬೇಕಂದ್ರ ಬಿಚ್ಚಬೇಕಾಗತೈತ್ರಿ."

"ಹಂಗಾರ ಬಿಚ್ಚು!"

"ಮನಿಯೊಳಗ ಇಟ್ಟ ಮ್ಯಾಲ ಬಿಚ್ಚತೇವ್ರಿ. ಕಾಳಜೀಚ್ ಕರೂ ನಕಾ."

ಕಡೀಕ ಮನಿ ಮಾಲಕರ ಕೀಲಿ ಒಡದ್ವಿ, ಕೊಂಡಿ ಮುರದ್ವಿ, ಬಾಗಲದ ಒಂದ ಹಲಿಗೀನೂ ಸೀಳಿತು. ಮಾಲಕರು ಬಂದು ನೋಡಿ ಮೊದಲನೇ ದಿನಾನ ಮಾರಿ ಗಂಟ ಹಾಕಿದ್ರು. ಸುಪರವೈಜರ ಮಾತ್ರ ನಗುನಗುತ ಫೋನ್ ನನ್ನ ಮುಂದ ಹಿಡದ.

"ಪಲಂಗಕ್ಕ ಒಂದ ಗೀರೂ ಬಿದ್ದಿಲ್ಲ ನೋಡ್ರಿ. ಐದೂ ಸ್ಟಾರ್ ಒತ್ತಬೇಕು."

ಸ್ವಂತ ಮನಿ

ಮದುವಿ ಮಾಡಿ ನೋಡು, ಮನಿ ಕಟ್ಟಿ ನೋಡು ಅಂತಾರ ಹಿರ್ಯಾರು. ನಡಕ ಪಲಂಗ ಹೊತ್ತು ನೋಡು ಅನ್ನೂದು ಮರತಾರ. ನಾ ಮದುವಿ ಮಾಡಿ ಮುಗಿಸಿ, ಹೊತ್ತೂ ಹೊತ್ತು ಸಾಕಾಗಿ, ಮತ್ತ ಇಚಲಕರಂಜಿಗೆ ಬಂದು ಶಿರೋಳದ ರಸ್ತಾಕ ಒಂದು ಸಣ್ಣ ಪ್ಲಾಟ್ ಹಿಡದು ಮನಿ ಕಟ್ಟಾಕ ಹತ್ತಿದ್ನಿ. ಹೆಂಡ್ತಿ ಆವಾಗ ಗಡಹಿಂಗ್ಲಜದಾಗ ಇದ್ಲು, ಅವರವ್ವಗ ಆರಾಮಿದ್ದಿಲ್ಲ.

ಗೌಂಡಿ ಕೇಳಿದ, "ಮಲಗೂ ಖೋಲಿಗೆ ಬಾಗಲಾ ಎಷ್ಟ ಅಗಲ ಇಡೂಣ್ರಿ?"

"ಪಲಂಗ ಹೋಗೂವಷ್ಟ ಇಡಪಾ."

ಅಂವ ಬಂದು ಪಲಂಗ ಅಳತಿ ಮಾಡಿದ. "ಇಷ್ಟ ಅಗಲ ಇಟ್ರ ಮಂದಿ ಮನಿ ಅನ್ನಂಗಿಲ್ಲ, ಲೂಮಿನ ಶೆಡ್ ಅಂತಾರ. ಒಂದ ಕೆಲಸಾ ಮಾಡ್ರಿ. ಮೊದಲ ಪಲಂಗ ತಂದ ಇಡ್ರಿ. ಸುತ್ತಲೂ ಗ್ವಾಡಿ ನಾ ಕಟ್ಟತೇನಿ."

ಅವನ ಕಾಲ ಹಿಡಿಯೂದೊಂದ ಬಾಕಿ. ಇಷ್ಟ ವರ್ಷ ಇದು ನನ್ನ ತಲ್ಯಾಗ ಯಾಕ ಹೊಳೀಲಿಲ್ಲ? ಪಲಂಗ ತಂದ್ವಿ. ಗ್ವಾಡಿ ಇಲ್ಲ, ಬಾಗಲಾ ಇಲ್ಲ, ಸೀದಾ ಒಳಗ ನಡಕೊಂಡ ಹೋದಂಗ ಹೋತು. ಜೀವನದಾಗ ಮೊದಲನೇ ಸಲ ಯಾರೂ ಚೀರಲಿಲ್ಲ. ಮಗ್ಗ ಕೂಡ್ರಿಸಿ ರೂಢಿ ಇದ್ದಾಂವ ನಾ, ಪಲಂಗಾನೂ ಹಂಗ ಕೂಡ್ರಿಸಿದ್ನಿ: ಸುತ್ತಲೂ ಎಣ್ಣಿ ಡಬ್ಬಿ ಹಿಡದು ಒಬ್ಬಾಂವ ಅಡ್ಡಡ್ಡ ಹಾಯೂವಷ್ಟ ಜಾಗಾ. ಹೆಚ್ಚಿಗಿ ಯಾಕ ಬೇಕು? ಮ್ಯಾಲ ತಾಡಪತ್ರಿ ಹೊಚ್ಚಿದ್ವಿ, ತಾಡಪತ್ರಿ ಮ್ಯಾಲ ಸಿಮೆಂಟಿನ ಚೀಲಾ ಇಟ್ವಿ. ಗ್ವಾಡಿ ಎದ್ದುವು, ಸ್ಲ್ಯಾಬ್ ಬಿತ್ತು, ಸಾಮಾನಾ ಇಡಾಕ ಪಲಂಗದ ಮ್ಯಾಲನ ಒಂದು ಸಿಮೆಂಟಿನ ಅಟ್ಟಾನೂ ಆತು. ವಾಸ್ತು ನೋಡಾಂವ ಬಂದು ಬಾಗಲಾ, ಒಲಿ, ದೇವರ ಜಗಲಿ, ನೀರಿನ ಟಾಕಿ ಎಲ್ಲಾ ನೋಡಿದ. ತಾಡಪತ್ರಿ ಕಡೆ ಕೈ ಮಾಡಿ, "ಇದೇನು?" ಅಂದ. "ಸಿಮೆಂಟ್ರಿ," ಅಂದ ಗೌಂಡಿ. ವಾಸ್ತುದಾಂವ ಮುಂದ ಹೋದ.

ವಾಸ್ತುಶಾಂತಿ ದಿನಾ ಹೆಂಡ್ತಿ ಜೋಡಿ ಮಾವಾರೂ ಬಂದ್ರು. ಸೀದಾ ಪಲಂಗದ ಹಂತೇಕ ಹೋಗಿ ಕೈ ಆಡಿಸಿದ್ರು. ಕಣ್ಣಾಗ ನೀರ ಬಂದುವು. "ಒಂದ ಬೆಣಿ ಸಡ್ಲ ಆಗಿಲ್ಲ ನೋಡ್ರಿ!" ಅಂದ್ರು.

"ಇನ್ನ ಎತ್ತೂ ಮಾತ ಇಲ್ರಿ ಮಾವಾರ," ಅಂದ್ನಿ. ನನ್ನ ಎದಿ ಉಬ್ಬಿತ್ತು.

ಅವರು ಖಿಡಕ್ಯಾಗಿಂದ ಸೂರ್ಯಾನ್ನ ನೋಡಿದ್ರು. ಪಲಂಗದ ತಲಿ ನೋಡಿದ್ರು. "ಅಳಿಯಂದಿರ, ತಲಿ ಯಾವ ದಿಕ್ಕಿಗಾತು ಇದು?"

ನಾನೂ ಸೂರ್ಯಾನ್ನ ನೋಡಿದ್ನಿ. ಉತ್ತರ.

"ಉತ್ತರಕ್ಕ ತಲಿ ಮಾಡಿ ಯಾರರ ಮಲಗತಾರೇನ್ರಿ? ಹಂಗ ಮಲಗಿದ್ದ ಆನಿ ಗತಿ ಏನಾತು?" ಗಣಪ್ಪನ ಸೊಂಡಿ ಮ್ಯಾಲ ಬೆರಳ ಇಟ್ರು. "ಇಲ್ಲೇ ಕೆತ್ತೇನಲ್ಲ, ಪುರಾವಾ ಬೇಕೇನು?"

ಹೆಂಡ್ತಿ ಅಂದ್ಲು, "ಹಂಗಾರ ಕಾಲಕಡೆ ತಲಿ ಮಾಡಿ ಮಲಗೂಣ ತಗೋ ಅಪ್ಪಾ."

"ಅಂದ್ರ ಗಣಪ್ಪನ ಮಾರಿಗೆ ಕಾಲ ಚಾಚತೀರಿ?"

ಅಕಿ ಗಲ್ಲಾ ಬಡಕೊಂಡ್ಲು. ಅಡ್ಡಾ ಮಲಗಿ ನೋಡಿದ್ನಿ: ಅಗಲ ಸಾಲದ ಮೊಣಕಾಲ ಎದಿಗೆ ಬಂದುವು. ಹಾಸಿಗಿ ಇದ್ದಷ್ಟ ಕಾಲ ಚಾಚು ಅಂತಾರ. ನನ್ನ ಹಾಸಿಗಿ ಊರಷ್ಟ ಉದ್ದ ಐತಿ, ಕಾಲ ಚಾಚಾಕ ದಿಕ್ಕ ಇಲ್ಲ. ತಿರುಗಿಸೂಣಂದ್ರ ಗ್ವಾಡಿ ಅಡ್ಡ. ಎತ್ತಿ ನಿಲ್ಲಸೂಣಂದ್ರ ಮ್ಯಾಲ ಅಟ್ಟ.

"ಅದಕ್ಕೇನ್ರಿ," ಅಂದ್ರು ಮಾವಾರು. "ಹೊರಗ ತಗದು, ತಿರುಗಿಸಿ, ಮತ್ತ ಒಳಗ ತರ್ರಿ."

ಅದು ಬಾಗಲದಾಗಿಂದ ಒಳಗ ಬಂದಿಲ್ಲ ಅಂತ ಅವರಿಗೆ ಹೇಳೂ ಧೈರ್ಯ ನನಗಾಗಲಿಲ್ಲ. "ಹಮಾಲರು ಸಿಕ್ಕಿಲ್ರಿ," ಅಂದ್ನಿ. ಹೆಂಡ್ತಿಗೂ ಹೇಳಲಿಲ್ಲ. ಕಳ್ಳರಂಗ ಗೌಂಡಿಗೆ ಫೋನ್ ಮಾಡಿ ಒಂದ ಗ್ವಾಡಿ ಒಡೀತೀಯೇನ ಅಂತ ಕೇಳಿದ್ರ, "ಸ್ಲ್ಯಾಬ್ ನಿಂತದ್ದ ಆ ಗ್ವಾಡಿ ಮ್ಯಾಲ್ರಿ. ಪಲಂಗ ಉಳೀತೈತಿ, ಮನಿ ಉಳಿಯಂಗಿಲ್ಲ," ಅಂದ. ಗರಗಸದ ಸುದ್ದಿ ಹೆಂಡ್ತಿ ಮುಂದ ಅರ್ಧಾ ತಗದಿದ್ನಿ. ಅಕಿ ನನ್ನ ನೋಡಿದ ನೋಟಕ್ಕ ಉಳದರ್ಧಾ ನುಂಗಿದ್ನಿ.

ಈಗ ಸ್ವಂತ ಮನ್ಯಾಗ, ನಡುಮನಿ ನೆಲದ ಮ್ಯಾಲ ಚಾಪಿ ಹಾಸಿ ಮಲಗತೇವಿ. ಪಲಂಗದ ಮ್ಯಾಲ ಕೌದಿ, ಜ್ವಾಳದ ಚೀಲಾ, ಮನಿ ಕಟ್ಟಿ ಉಳದ ಎರಡ ಸಿಮೆಂಟಿನ ಚೀಲಾ ಆರಾಮ ಮಲಗ್ಯಾವ. ಅವಕ್ಕ ಉತ್ತರ ದಕ್ಷಿಣ ಇಲ್ಲ.

ಊರಿಗೆ ಹೊಂಟಾಗ ಮಾವಾರು ಆ ಚಾಪಿ ನೋಡಿ ಮರುಗಿದ್ರು. "ನಿಮ್ಮ ಹಮಾಲರ ದಾರಿ ಎಷ್ಟಂತ ಕಾಯೂದು? ನನ್ನ ಮಗಳು ನೆಲದ ಮ್ಯಾಲ ಮಲಗಬಾರದು. ಇನ್ನೊಂದ ಪಲಂಗ ಮಾಡಿ ಕಳಸತೇನಿ."

ನಾ ಎರಡೂ ಕೈ ಮುಗದ್ನಿ. "ಬಿಚ್ಚಾಕ ಬರೂವಂಗ ಮಾಡ್ರಿ ಮಾವಾರ!"

ಅವರ ಮಾರಿ ಸಣ್ಣದಾತು. "ಯಾಕ್ರಿ? ಸಂಸಾರದಾಗ ಏನರ ಬಿರಕ ಬಿಟ್ಟೈತೇನು?" ಅಂತ ಮಗಳನ್ನ ನೋಡಿದ್ರು. ಮಗಳು ನನ್ನ ನೋಡಿದ್ಲು. ನಾ ಚಾಪಿ ಸುತ್ತಾಕ ಹತ್ತಿದ್ನಿ.

ಇವತ್ತ ಮುಂಜಾನೆ ಅವರ ಫೋನ್ ಬಂತು. ಪಲಂಗ ತಯಾರ ಆಗೇತಿ, ಟೆಂಪೋ ಗಡಹಿಂಗ್ಲಜ ಬಿಟ್ಟೈತಿ. ನಾ ಎದ್ದು ಬಾಗಲಾ ನೋಡಿದ್ನಿ. "ಮಾವಾರ, ಮನಿ ಬಾಗಲದ ಅಳತಿ ಕೇಳಲೇ ಇಲ್ಲಲ್ಲರಿ?"

"ಅಳತಿ ಯಾಕ ಬೇಕ್ರಿ?" ಅಂದ್ರು ಮಾವಾರು, ಭಾಳ ಹುರುಪಿಲೆ. "ಮೊದಲಿಂದು ಒಳಗ ಹೋಗೇತಲ್ಲ? ಅದರಷ್ಟs ಮಾಡೇನಿ."