ಅಟ್ಟದ ಮೇಲೆ ಮೂರು ವರ್ಷ ತಪಸ್ಸು ಮಾಡಿದ ಬಿಳಿ ವೈನಿಗೆ

ಚಾಪೆಯ ಮೇಲೆ ಕೂತ ಹಿರಿಯರೇ, ಚಾಪೆ ಸಿಗದೆ ಕಂಬಕ್ಕೆ ಒರಗಿದ ಬಂಧುಗಳೇ, ಟಿಕೇಟಿಲ್ಲದೆ ನುಗ್ಗಿ ಎಲ್ಲರಿಗಿಂತ ಮುಂದೆ ಕೂತಿರುವ ಮಹನೀಯರೇ, ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ತಾಲೂಕಿನ ಸಮಸ್ತ ಸಭಾಸದರೇ, ಗದ್ದಲ ನಿಲ್ಲಲಿ! ಈ ಪತ್ರ ನಿಮಗಲ್ಲ. ಆದರೆ ನಿಮ್ಮೆಲ್ಲರ ಎದುರಿಗೇ ಓದಬೇಕಾದದ್ದು.

ಮಾನ್ಯ ಬಿಳಿ ವೈನ್ ಅವರೇ,

ಹುಬ್ಬಳ್ಳಿಯಲ್ಲಿ ಖರೀದಿಯಾಗಿ, ಎಕ್ಕಂಬಿಯ ನಮ್ಮ ಮನೆಯ ಅಟ್ಟದಲ್ಲಿ ಮೂರು ವರ್ಷ ವಾಸ ಮಾಡಿ, ಇಂದು ಸಂಜೆ ಯಲ್ಲಾಪುರದ ಮದುವೆ ಚಪ್ಪರದಲ್ಲಿ ನೂರು ಜನರ ಮುಂದೆ ನನ್ನ ಕಿರೀಟ ಉರುಳಿಸಿದ ತಮ್ಮ ಆರು ಬಾಟಲಿಗಳ ಪರಿವಾರಕ್ಕೆ, ಶಿರಸಿಯ ವಖಾರಿಯಲ್ಲಿ ಇಪ್ಪತ್ತೈದು ವರ್ಷಗಳಿಂದ ಅಡಿಕೆ ವಿಂಗಡಿಸುತ್ತಿರುವ, ರಾತ್ರಿ ನಾಟಕಗಳಲ್ಲಿ ರಾಜನ ಪಾತ್ರ ಮಾಡುವ ಕೆರಿಯಪ್ಪನ ಸಾಷ್ಟಾಂಗ ನಮಸ್ಕಾರಗಳು. ತಾವು ಕ್ಷೇಮವೇ? ನಾನಂತೂ ಅಲ್ಲ.

ನಾಳೆ ಸಂಜೆ ನಾಲ್ಕಕ್ಕೆ ನನ್ನ ಗೆಳೆಯ ಇನಾಸ ಫರ್ನಾಂಡಿಸನ ಮಗಳು ಫಿಲೋಮಿನಾಳ ಮದುವೆಯೆಂಬುದು ತಮಗೆ ತಿಳಿಯದ ಸಂಗತಿಯಲ್ಲ. ಈ ಇನಾಸ ನಮ್ಮ ನಾಟಕ ಸಂಘದ ಪರದೆ, ಸಿಂಹಾಸನ ಮತ್ತು ನನ್ನನ್ನು ಇಪ್ಪತ್ತು ವರ್ಷ ತನ್ನ ಲಾರಿಯಲ್ಲಿ ಪುಕ್ಕಟೆ ಹೊತ್ತವನು. ಪ್ರತಿಯಾಗಿ ಏನನ್ನೂ ಕೇಳಿದವನಲ್ಲ, ೧೯೯೮ರ ಆ ಒಂದು ದಿನ ಬಿಟ್ಟು. ಅಂದು ಫಿಲೋಮಿನಾಳ ಸಂಬಂಧ ಗಟ್ಟಿಯಾಗಿತ್ತು, ಮದುವೆ ಮಾತ್ರ ಅವಳ ನರ್ಸಿಂಗ್ ಓದು ಮುಗಿದ ಮೇಲೆ, ಅಂದರೆ ಮೂರು ವರ್ಷ ಬಿಟ್ಟು. ಇನಾಸ ನನ್ನ ಹೆಗಲಿಗೆ ಕೈ ಹಾಕಿ ಹೇಳಿದ: "ಕೆರಿಯಣ್ಣಾ, ಮದ್ವೆ ಊಟದಲ್ಲಿ ಟೋಸ್ಟ್ ಎತ್ತೂದು ನೀನೇ ಮಾರಾಯಾ. ನಿನ್ನ ಗಂಟಲಿದ್ರೆ ಮೈಕಿನ ಬಾಡಿಗೆ ಉಳೀತದೆ. ವೈನೂ ನೀನೇ ಆರಿಸು. ಒಳ್ಳೇದಿರಬೇಕು, ಆದ್ರೆ ನನ್ನ ಲಾರಿ ಮಾರೂ ಹಾಂಗಿರಬಾರ್ದು." ವಧೂವರರಿಗೆ ಶುಭ ಕೋರಿ ಮಾತಾಡುವವನು ಗ್ಲಾಸು ಎತ್ತಿದ ಕೂಡಲೇ ಇಡೀ ಚಪ್ಪರವೇ ಗ್ಲಾಸು ಎತ್ತುವ ಆ ಗಳಿಗೆಗಿಂತ ದೊಡ್ಡ ರಂಗಪ್ರವೇಶ ಯಾವ ರಾಜನಿಗೆ ಸಿಕ್ಕೀತು? ಒಪ್ಪಿಕೊಂಡೆ.

'ವೈನ್ಸ್' ಎಂದು ಬೋರ್ಡು ಹಾಕಿದ ನಮ್ಮ ಸುತ್ತಿನ ಅಂಗಡಿಗಳಲ್ಲಿ ಬ್ರಾಂಡಿಯಿತ್ತು, ರಮ್ಮಿತ್ತು. ವೈನ್ ಕೇಳಿದವನನ್ನು ಮಾತ್ರ ಬಟ್ಟೆ ಅಂಗಡಿಯಲ್ಲಿ ಬೆಲ್ಲ ಕೇಳಿದವನಂತೆ ನೋಡಿದರು. ಆದ್ದರಿಂದ ಹುಬ್ಬಳ್ಳಿಗೇ ಹೋಗಿ, ಅಗ್ಗದ ಸಾಲನ್ನೂ ದುಬಾರಿ ಸಾಲನ್ನೂ ಬಿಟ್ಟು ನಡುವಿನ ಸಾಲಿನಿಂದ ಆರು ಕೆಂಪು, ಆರು ಬಿಳಿ ಆರಿಸಿದೆ. ಅಲ್ಲಿಯವರೆಗೆ ನನ್ನ ವಿಂಗಡಣೆಯಲ್ಲಿ ಲೋಪವಿಲ್ಲ, ಇದನ್ನು ತಾವೂ ಒಪ್ಪುತ್ತೀರಿ.

ಮುಂದೆ ನಾನು ಮಾಡಿದ್ದು ತಮ್ಮ ಮೇಲಿನ ಗೌರವದಿಂದಲೇ. ಅಡಿಕೆಯಲ್ಲೂ ಕೆಂಪುಂಟು, ಬಿಳಿಯುಂಟು. ಬೇಯಿಸಿ ಒಣಗಿಸಿದ್ದು ಕೆಂಪು, ಹಣ್ಣನ್ನು ಹಾಗೇ ಬಿಸಿಲಿಗೆ ಹಾಕಿ ಸುಲಿದದ್ದು ಬಿಳಿ, ಅಂದರೆ ಚಾಲಿ. ಹೊಸ ಚಾಲಿಗಿಂತ ವರ್ಷ ದಾಟಿದ ಹಳೆ ಚಾಲಿಗೆ ದರ ಜಾಸ್ತಿ, ತೇವ ತಾಗದಂತೆ ಇಟ್ಟರೆ ಸಾಕು. ಬಿಳಿಯವರಾದ ತಾವೂ ಚಾಲಿಯ ಕುಲದವರೆಂದು ನಂಬಿ, ಗೋಣಿಚೀಲದಲ್ಲಿ ಬೆಚ್ಚಗೆ ಸುತ್ತಿ, ಕಾದ ಹಂಚಿನ ಕೆಳಗೆ, ಅಟ್ಟದ ಅತ್ಯುನ್ನತ ಸ್ಥಾನದಲ್ಲಿ ತಮ್ಮನ್ನು ನೆಟ್ಟಗೆ ನಿಲ್ಲಿಸಿದೆ. ಮೂರು ಬೇಸಿಗೆ! ಯಾವ ಋಷಿಗೆ ಇಂಥ ಅನುಕೂಲವಿತ್ತು?

ಅಟ್ಟದಲ್ಲಿ ಜಾಗ ಸಾಲದ್ದರಿಂದ ಕೆಂಪಿನವರನ್ನು ನನ್ನ ಅವ್ವ ಪಾರ್ವತವ್ವ ತನ್ನ ಉಪ್ಪಿನಕಾಯಿ ಕೋಣೆಯ ಕತ್ತಲಿನಲ್ಲಿ, ತಣ್ಣನೆಯ ನೆಲದ ಮೇಲೆ ಸಾಲಾಗಿ ಮಲಗಿಸಿದಳು. "ಹಿಂಗ್ಯಾಕ ಮಲಗಿಸೀದಿ?" ಎಂದು ನಾನು ಗದರಿದ್ದಕ್ಕೆ, "ನಿಲ್ಲಿಸಿದ್ರ ಬೆಕ್ಕು ಕೆಡವತೈತಿ" ಎಂದಳು. ಅಷ್ಟಕ್ಕೇ ನಿಲ್ಲದೆ ಅಟ್ಟದ ಕಡೆ ನೋಡಿ, "ಅಲ್ಲಿ ಇಟ್ರ ಉಪ್ಪಿನಕಾಯಿನೂ ಕೆಡತೈತಿ, ಇನ್ನ ದ್ರಾಕ್ಷಿ ರಸ ಉಳೀತೈತೇನು?" ಎಂದಳು. ವಖಾರಿಯ ಅನುಭವವಿಲ್ಲದವಳ ಮಾತೆಂದು ನಕ್ಕುಬಿಟ್ಟೆ.

ಇಂದು ಸಂಜೆ ಮದುಮಗಳಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರವಾಗಿ, ಕಾರವಾರದಿಂದ ಬಂದ ಇನಾಸನ ಅಕ್ಕ ಕಾರ್ಮಿಣಬಾಯಿ ರುಚಿ ನೋಡಲು ಕೂತರು. ತಮ್ಮ ಬಿರಡೆ ಹುಳ ಹಿಡಿದ ಗೋಟಡಿಕೆಯಂತೆ ಪುಡಿಪುಡಿಯಾಯಿತು. ಒಂದು ಗುಟುಕು ಕುಡಿದವರು ಕಣ್ಣು ಮುಚ್ಚಿಕೊಂಡರು. ಭಕ್ತಿಯಿಂದಲೋ ಎಂದು ನಾನು ಕೈ ಮುಗಿಯುವುದರಲ್ಲಿದ್ದೆ. "ಬಾಬಾ, ಇದು ವೈನಲ್ಲ, ವಿನೇಗರ್! ನಾಳೆಯ ಹಂದಿ ಮಾಂಸಕ್ಕೆ ಹಾಕುವಾ" ಎಂದರು. ಉಳಿದ ಐವರ ಕಥೆಯೂ ಅದೇ. ಆಮೇಲೆ ಕೆಂಪನ್ನು ಕುಡಿದು ಮತ್ತೆ ಕಣ್ಣು ಮುಚ್ಚಿ, "ಇದನ್ನು ಇಟ್ಟವರು ಯಾರು? ಅವರ ಕೈಗೊಂದು ಮುತ್ತು ಕೊಡಬೇಕು" ಎಂದರು. ಅವ್ವ ಸೆರಗು ಸರಿಮಾಡಿಕೊಂಡಳು.

ನನ್ನ ಮೂಲ ದೂರು ಇದಲ್ಲ. ಇನಾಸ ಬೈಯಲಿಲ್ಲ. ಗಂಡಿನ ಕಡೆಯವರು ಸಮುದ್ರದಂಡೆಯವರು, ಮೀನಿನ ಜೊತೆ ಬಿಳಿ ವೈನೇ ಬೇಕೆಂಬವರು, ಆದರೂ ಅವನು ಬೈಯಲಿಲ್ಲ. "ಪರವಾಗಿಲ್ಲ ಕೆರಿಯಣ್ಣಾ, ಅವರಿಗೆ ಲಿಂಬು ಶರಬತ್ತು ಕೊಡುವಾ" ಎಂದು ನಕ್ಕ. ಆ ನಗೆಗಿಂತ ಅವನು ನನ್ನನ್ನು ತನ್ನ ಲಾರಿಯ ಹಿಂದೆ ಕಟ್ಟಿ ಎಳೆದಿದ್ದರೆ ಸಮಾಧಾನವಿರುತ್ತಿತ್ತು.

ಆದ್ದರಿಂದ ತಮ್ಮಲ್ಲಿ ಸವಿನಯ ಬಿನ್ನಹವೇನೆಂದರೆ, ಇನ್ನು ಮುಂದೆ ತಮ್ಮ ಕುಲದವರು ಕೊರಳಿನಲ್ಲಿ 'ನಾನು ಚಾಲಿಯಲ್ಲ' ಎಂಬ ಪಟ್ಟಿ ಧರಿಸತಕ್ಕದ್ದು. ಅಂಗಡಿಯವರು ಒಂದು ಬಾಟಲಿಯನ್ನು ಅಡಕತ್ತರಿಯಿಂದ ಸೀಳಿ ಒಳಗಿನ ಬಣ್ಣ ತೋರಿಸತಕ್ಕದ್ದು. ಹುಳಿಯಾಗಲು ಮನಸ್ಸು ಮಾಡಿದ ದಿನ ಅಟ್ಟದಿಂದಲೇ ಎರಡು ಬಾರಿ ಕೆಮ್ಮಿ ಮನೆಯವರಿಗೆ ತಿಳಿಸತಕ್ಕದ್ದು. ಇದಾವುದೂ ಸಾಧ್ಯವಿಲ್ಲವಾದರೆ, ನಾಳೆ ಇಳಿಹೊತ್ತಿನೊಳಗೆ ತಾವೇ ಮತ್ತೆ ಸಿಹಿಯಾಗಿ ದೊಡ್ಡಸ್ತಿಕೆ ಮೆರೆಯಬೇಕು.

ತಮ್ಮನ್ನು ಮೂರು ವರ್ಷ ಕಣ್ಣುಮುಚ್ಚಿ ನಂಬಿ, ಇಂದು ಕಣ್ಣು ಬಿಟ್ಟಿರುವ ತಮ್ಮ ವಿಶ್ವಾಸಿ,
ಎಕ್ಕಂಬಿ ಕೆರಿಯಪ್ಪ

ತಾ.ಕ.: ತಮ್ಮ ಪರಿವಾರ ಈಗಾಗಲೇ ಮಾಂಸದ ಹಂಡೆ ಸೇರಿದ್ದು, ಅಡಿಗೆಯವರು ನನ್ನ ಯಾವ ಪಾತ್ರವನ್ನೂ ಹೊಗಳದಷ್ಟು ತಮ್ಮನ್ನು ಹೊಗಳುತ್ತಿದ್ದಾರೆ, ಅಭಿನಂದನೆಗಳು. ಕಾರ್ಮಿಣಬಾಯಿ ನನಗೆ ಪಾಠ ಹೇಳಿದ್ದಾರೆ: "ಕೆಂಪೀದು ಎರಡು ಮೂರು ವರ್ಷ ತಡಕೊಳ್ತದೆ. ಬಿಳೀದಾದ್ರೆ ಹೋದ ವರ್ಷದ್ದೇ ಕೇಳು. ಬಿಸಿಲು ಬೀಳೂ ಕಪಾಟಿನದ್ದು ಮುಟ್ಟಬೇಡ. ನಡೂ ದರದ್ದು ಸಾಕು." ಗ್ಲಾಸು ಎತ್ತಲು ಇನ್ನೂ ಒಂದು ಹಗಲು ಬಾಕಿಯಿದೆ, ಸಭಾಸದರೇ! ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ನಾನು ಹುಬ್ಬಳ್ಳಿಗೆ ಹೊರಡುತ್ತೇನೆ. ಜೊತೆಯಲ್ಲಿ ಅವ್ವನನ್ನು ಕರೆದೊಯ್ಯುತ್ತೇನೆ. ಆರಿಸುವವಳು ಅವಳು, ಬರುವಾಗ ಬಾಟಲಿಗಳನ್ನು ಮಡಿಲಲ್ಲಿ ಮಲಗಿಸಿಕೊಳ್ಳುವವಳೂ ಅವಳೇ. ಈ ರಾಜ ಚೀಲ ಹಿಡಿಯುತ್ತಾನೆ.